ಗುಳ್ಳೆ ಬಿಡದವನು

ಬಿಜಾಪುರದಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಅಲ್ಲ. ಅಷ್ಟರಲ್ಲೇ ಮಶಾಕಸಾಬ ತಾನು ಹೇಳಬೇಕಾದ ಸುಳ್ಳನ್ನು ಮೂರು ಬಗೆಯಲ್ಲಿ ಮನಸ್ಸಿನೊಳಗೆ ಹೇಳಿ ನೋಡಿಕೊಂಡಿದ್ದ. ಡಾಕ್ಟರು ಒಪ್ಪುವುದಿಲ್ಲ ಎನ್ನಬಹುದು. ಆದರೆ ಊರಲ್ಲಿ ಕಾಯುತ್ತಿದ್ದ ಗೆಳೆಯ ಬೀರಣ್ಣ ಬಿಜಾಪುರದ ಬೇರೆ ಡಾಕ್ಟರನ್ನು ಒಪ್ಪಿಸಿ ಬಂದಾನು. ವಯಸ್ಸು ಮೀರಿದೆ ಎನ್ನಬಹುದು. ಆದರೆ ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಈ ವರ್ಷ ಕೆಲಸ ಕಡಿಮೆ, ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎನ್ನುವುದೇ ವಾಸಿ ಅನ್ನಿಸಿತು. ತಿಕೋಟಾದಲ್ಲಿ ಕೂತು ಅದನ್ನು ಪರೀಕ್ಷಿಸುವ ದಾರಿ ಯಾರಿಗೂ ಇರಲಿಲ್ಲ.

ಅದು 1976ರ ಸೆಪ್ಟೆಂಬರ್. ಮಳೆ ಚೆನ್ನಾಗಿ ಆಗಿತ್ತು. ರಸ್ತೆಯ ಎರಡೂ ಕಡೆ ಎರೆಮಣ್ಣು ಕಪ್ಪಗೆ ನೆನೆದು ಕೂತಿತ್ತು. ಮುಂದಿನ ತಿಂಗಳು ಅರಬ್ಬಿ ಸಮುದ್ರ ಶಾಂತವಾದ ಮೇಲೆ ಲಕ್ಷದ್ವೀಪದಲ್ಲಿ ಹವಳದ ದಂಡೆಗಳ ಅಳತೆಯ ಕೆಲಸ ಮತ್ತೆ ಶುರುವಾಗುವುದಿತ್ತು. ಮಶಾಕಸಾಬ ಆ ತಂಡದ ಹಿರಿಯ ಡೈವರ್. ಹತ್ತು ವರ್ಷ ನೌಕಾಪಡೆಯಲ್ಲಿದ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಕೆಲಸ ಮಾಡುವುದನ್ನು ಕಲಿತು, ಅಲ್ಲಿಂದ ಬಿಟ್ಟು ಈ ಕೆಲಸಕ್ಕೆ ಸೇರಿದವನು. ಕೊಚ್ಚಿಯಿಂದ ಹೊರಡುವಾಗ ತಂಡದ ಸಾಹೇಬರು ಹೇಳಿದ್ದರು: "ನಿನ್ನ ಊರಿನವನು ಮತ್ತೆ ಬರುತ್ತೇನೆ ಅನ್ನುತ್ತಿದ್ದಾನಂತೆ. ನೀನೇ ಹೋಗಿ ನೋಡು. ಆಗುತ್ತದೆ ಅಂತ ನೀನು ಹೇಳಿದರೆ ಕರೆದುಕೊಂಡು ಬಾ."

ನೀನು ಹೇಳಿದರೆ. ಆ ಮಾತು ಕೊಚ್ಚಿಯಿಂದ ಅವನ ಜೊತೆಗೇ ಬಂದಿತ್ತು.

ಬಸ್ ಸ್ಟ್ಯಾಂಡಿನ ಎದುರು ಚಮನಸಾಬನ ಚಹಾದಂಗಡಿ. ಬೀರಣ್ಣ ಅಲ್ಲೇ ಬೆಂಚಿನ ಮೇಲೆ ಕಾಯುತ್ತ ಕೂತಿದ್ದ. ಎದ್ದು ಬಂದ. ಎಡಗಾಲು ಒಂದು ಕ್ಷಣ ತಡವಾಗಿ ಏಳುತ್ತಿತ್ತು. ಎಡಗೈ ಸೊಂಟದ ಹತ್ತಿರ ಮಡಚಿಕೊಂಡು ಸುಮ್ಮನಿತ್ತು. ಬಲಗೈಯಿಂದ ಮಶಾಕಸಾಬನ ಹೆಗಲಿಗೆ ಬಲವಾಗಿ ಒಂದು ಬಾರಿಸಿದ.

"ಬಂದ್ಯಲ್ಲಲೇ ಮಶಾಕ! ಸಮುದ್ರದ ನೀರು ಕುಡುದು ಕುಡುದು ಕರ್ರಗಾಗೀ ನೋಡು."

"ನೀ ಬೆಳ್ಳಗಾಗೀಯೇನು?"

"ನಾ ನೆಳ್ಳಾಗ ಕುಂತು ಕುಂತು ಬೆಳ್ಳಗಾಗೇನಿ. ಅದಕ್ಕ ಹೇಳಿಕಳಿಸಿದ್ದು, ಕರಕೊಂಡು ಹೋಗು ಅಂತ."

ಪಕ್ಕದ ಬೆಂಚಿನಿಂದ ಸಂಗಣ್ಣ ಬಸಿಯಲ್ಲಿದ್ದ ಚಹಾ ಊದುತ್ತ ತಲೆ ಎತ್ತಿದ. ಊರಲ್ಲಿ ಯಾರನ್ನೂ ಬಿಡದ ಬಾಯಿ ಅವನದು. "ಏನಪಾ ಬೀರಣ್ಣ, ಆ ದೊಡ್ಡ ಮೀನಾ ಮತ್ತ ಕರದೈತೇನು? ಹೋಗುಮುಂದ ಒಂದು ಧೋತರಾ ಹೆಚ್ಚಿಗಿ ಒಯ್ಯಿ. ಹೆದರಿಕ್ಯಾಗ ಏನಾಗ್ತೈತಿ, ಏನಿಲ್ಲ."

ನಾಲ್ಕು ಮಂದಿ ನಕ್ಕರು. ಚಮನಸಾಬ ಒಳಗಿನಿಂದ, "ಸುಮ್ನ ಕುಡಿಯೋ ಮಾರಾಯ, ಚಹಾ ಆರ್ತೈತಿ" ಅಂದ. ಬೀರಣ್ಣನೂ ನಕ್ಕ. ಆದರೆ ಅವನ ಬಲಗೈ ಮಶಾಕಸಾಬನ ಹೆಗಲಿನಿಂದ ಇಳಿದಿತ್ತು.

"ಬಾ, ಬಾವಿಗೆ ಹೋಗೋಣು" ಎಂದ. "ನೀನ ನೋಡು. ಆಮ್ಯಾಲ ಹೇಳು."

ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ ಊರು ಮುಗಿದ ಮೇಲೆ ಕಲ್ಲು ಕಟ್ಟಿದ ಹಳೆಯ ಬಾವಿ ಒಂದಿದೆ. ಮಳೆ ಆದ ವರ್ಷ ನಾಲ್ಕಾಳು ನೀರು ನಿಲ್ಲುತ್ತದೆ. ಇಬ್ಬರೂ ಈಜು ಕಲಿತದ್ದು ಅಲ್ಲಿ. ಅಲ್ಲಿ ಈಜಿಗಿಂತ ದೊಡ್ಡದು ರಾಡಿ ತರುವ ಪಂದ್ಯ. ದಂಡೆಯ ಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು ಜಿಗಿಯಬೇಕು, ತಳ ಮುಟ್ಟಬೇಕು, ಒಂದು ಮುಷ್ಟಿ ರಾಡಿ ಹಿಡಿದು ಮೇಲೆ ಬರಬೇಕು. ಅಷ್ಟು ಸಾಲದು. ತಲೆ ನೀರಿನಿಂದ ಹೊರಬರುವ ತನಕ ಒಂದು ಗುಳ್ಳೆಯೂ ಮೇಲೆ ಬರಬಾರದು. ಬಂದರೆ ದಂಡೆಯ ಮೇಲಿದ್ದವರೆಲ್ಲ ಸೇರಿ "ಎಮ್ಮಿ! ಎಮ್ಮಿ!" ಎಂದು ಕೂಗುತ್ತಾರೆ, ರಾಡಿ ತಂದರೂ ಸೋತಂತೆ. ಆ ಕೂಗನ್ನು ಮಶಾಕಸಾಬ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದ. ಬೀರಣ್ಣ ಒಂದು ಸಲವೂ ಕೇಳಿರಲಿಲ್ಲ. ಮುಂದೆ ಅದೇ ಅವನ ಹೊಟ್ಟೆಪಾಡಾಯಿತು. ತಿಕೋಟಾದಿಂದ ಕನಮಡಿಯ ತನಕ ಯಾರ ಬಾವಿಯ ಪಂಪಿನ ಕೊಳವೆಯ ತಳದ ಫೂಟ್‌ವಾಲ್ವಿಗೆ ಕಸ ಸಿಕ್ಕಿದರೂ ಅವನನ್ನೇ ಕರೆಯುತ್ತಿದ್ದರು.

ಎರಡು ವರ್ಷದ ಹಿಂದೆ ಅಳತೆಯ ತಂಡಕ್ಕೆ ಗಟ್ಟಿ ಈಜುಗಾರರು ಬೇಕಾದಾಗ ಮಶಾಕಸಾಬನೇ ಸಾಹೇಬರ ಮುಂದೆ ಅವನ ಹೆಸರು ಹೇಳಿ ಕರೆದುಕೊಂಡು ಹೋಗಿದ್ದ. ಕಲಿಸುವ ಹೊಣೆಯೂ ಅವನದೇ ಆಗಿತ್ತು. ಬೀರಣ್ಣ ಬೇಗ ಕಲಿತ. ಮುಖಕ್ಕೆ ಕಟ್ಟಿದ ಗಾಜಿನೊಳಗೆ ನೀರು ಹೊಕ್ಕರೆ ತೆಗೆಯುವುದು, ಬಾಯಲ್ಲಿ ಕಚ್ಚಿದ ರಬ್ಬರಿನಿಂದ ಉಸಿರಾಡುವುದು, ಗಾಳಿ ಮುಗಿಯುತ್ತ ಬಂದು ಉಸಿರಿಗೆ ಬಿಗಿಯಾದಾಗ ಸಿಲಿಂಡರಿನ ಪಕ್ಕದ ಕಂಬಿ ಎಳೆದು ಉಳಿಕೆಯ ಗಾಳಿ ತೆರೆಯುವುದು, ಎಲ್ಲ. ಹವಳ ಎಂದರೆ ಕೆಂಪಗೆ ಹೊಳೆಯುತ್ತದೆ ಎಂದುಕೊಂಡು ಹೋದವನಿಗೆ ಬೂದಿ ಬಣ್ಣದ, ಚಿಗರಿಯ ಕೋಡಿನಂಥ ಟೊಂಗೆಗಳೂ ಮನೆಯೆತ್ತರದ ಉರುಟು ದಿಬ್ಬಗಳೂ ಕಂಡವು. ಮೊದಲ ದಿನ ಮೇಲೆ ಬಂದವನೇ, "ಲೇ, ನೀರಾಗ ಯಾರೋ ಗೋಳಗುಮ್ಮಟ ಕಟ್ಯಾರಲೇ!" ಎಂದು ಕೂಗಿದ್ದ.

ಒಂದೇ ಒಂದು ಪಾಠ ಉಳಿದಿತ್ತು. ನೀರೊಳಗೆ ಗಾಳಿ ನಿಂತರೆ ರಬ್ಬರನ್ನು ಬಾಯಿಂದ ತೆಗೆದು, ಮೇಲೆ ಬರುವಷ್ಟು ಹೊತ್ತೂ 'ಊ...' ಎಂದು ಉಸಿರು ಬಿಡುತ್ತ ಬರಬೇಕು. ಹವಳದ ದಂಡೆಯ ಒಳಬದಿಯ ಆಳವಿಲ್ಲದ ನೀರಲ್ಲಿ ಮಶಾಕಸಾಬ ಅದನ್ನು ಮಾಡಿ ತೋರಿಸಿದ. ಬೀರಣ್ಣ ಬಾಯಿ ಬಿಗಿ ಮುಚ್ಚಿಕೊಂಡೇ ಮೇಲೆ ಬಂದ.

"ಬಿಡಬೇಕಲೇ ಉಸಿರು. ಹಿಡಿಯೂಹಂಗಿಲ್ಲ."

"ಅಂದ್ರ ಎಮ್ಮಿಯಂಗ ಬುಡುಬುಡು ಅನ್ನಲೇನು? ತಿಕೋಟಾದವರು ಕೇಳಿದ್ರ ಊರಾಗ ಕಾಲಿಡಾಕ ಬಿಡೂದಿಲ್ಲ ನನ್ನ!"

ಇಬ್ಬರೂ ನಕ್ಕರು. ಇನ್ನೊಮ್ಮೆ ಹೇಳಬೇಕಿತ್ತು, ಮಶಾಕಸಾಬ ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣ ಸೋಮಾರಿತನವಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬಾವಿಯ ದಂಡೆಯಲ್ಲಿ ಪ್ರತಿ ಸಲ ಎಮ್ಮೆಯಾದವನು, ಒಂದು ಸಲವೂ ಆಗದವನಿಗೆ 'ಗುಳ್ಳೆ ಬಿಡು' ಎಂದು ಹುಕುಂ ಮಾಡುವುದಕ್ಕೆ ನಾಲಿಗೆ ಏಳಲಿಲ್ಲ, ಅಷ್ಟೇ. ಸಂಜೆ ಸಾಹೇಬರು, "ಎಲ್ಲ ಅಭ್ಯಾಸವೂ ಮುಗಿಯಿತೇ?" ಎಂದು ಕೇಳಿದಾಗ "ಮುಗಿಯಿತು" ಎಂದ.

ಆಮೇಲೆ ಫೆಬ್ರವರಿಯ ಒಂದು ಬೆಳಿಗ್ಗೆ, ದಂಡೆಯ ಹೊರಬದಿಯಲ್ಲಿ, ನಲವತ್ತು ಅಡಿ ಆಳದಲ್ಲಿ ಅಳತೆಯ ಹಗ್ಗ ಹಿಡಿದಿದ್ದ ಬೀರಣ್ಣನಿಗೆ ಗಾಳಿ ಬಿಗಿಯಾಯಿತು. ಅವನು ಕಂಬಿ ಎಳೆದ. ಅದು ಮೊದಲೇ ಯಾವುದೋ ಹವಳದ ಟೊಂಗೆಗೆ ತಾಗಿ ಇಳಿದುಬಿಟ್ಟಿತ್ತು. ಉಳಿಕೆಯ ಗಾಳಿ ಅವನಿಗೆ ತಿಳಿಯದೆಯೇ ಖರ್ಚಾಗಿತ್ತು. ಮಶಾಕಸಾಬ ಹತ್ತು ಮಾರು ದೂರದಲ್ಲಿದ್ದ. ಬೀರಣ್ಣ ಅವನ ಕಡೆ ತಿರುಗಿ, ಮೇಲೆ ಹೋಗುತ್ತೇನೆ ಎಂದು ಹೆಬ್ಬೆರಳು ತೋರಿಸಿದ. ಸಿಲಿಂಡರಿನ ಕೊನೆಯ ಉಸಿರನ್ನು ಎದೆ ತುಂಬ ಎಳೆದುಕೊಂಡ. ರಬ್ಬರ್ ತೆಗೆದ. ತಲೆ ಎತ್ತಿ, ಅವಸರವಿಲ್ಲದೆ, ಬಾವಿಯಲ್ಲಿ ಬರುತ್ತಿದ್ದ ಹಾಗೆಯೇ ಮೇಲೇರಿದ. ತುಟಿ ಬಿಗಿದಿದ್ದವು. ಒಂದು ಗುಳ್ಳೆಯೂ ಬರಲಿಲ್ಲ.

ಮಶಾಕಸಾಬನಿಗೆ ಆಗ ಅರ್ಥವಾಯಿತು. ಹಿಂದೆ ಧಾವಿಸಿ ಕಾಲು ಹಿಡಿಯಲು ಹೋದ. ಕೈಗೆ ಸಿಕ್ಕಿದ್ದು ಕಾಲಿನ ರಬ್ಬರಿನ ರೆಕ್ಕೆ, ಅದೂ ಜಾರಿತು. ಮೇಲೆ ಬಂದ ಬೀರಣ್ಣ ಒಂದು ಸಲ ಕೂಗಿದ. ಬಾಯಿಂದ ಕೆಂಪು ನೊರೆ ಬಂತು, ಪ್ರಜ್ಞೆ ಹೋಯಿತು. ದೋಣಿಯಲ್ಲಿ, ಆಮೇಲೆ ಹಡಗಿನಲ್ಲಿ, ಕೊಚ್ಚಿಗೆ ಒಯ್ಯುವಷ್ಟರಲ್ಲಿ ಎಡಭಾಗ ಸತ್ತಂತಾಗಿತ್ತು. ಜೀವ ಉಳಿಯಿತು.

ಹಡಗಿನ ಮೇಲೆ ಸಾಹೇಬರು ಕೇಳಿದ್ದರು, ಏನಾಯಿತು ಎಂದು. ಅಭ್ಯಾಸ ಮಾಡಿಸಿದ್ದೆಯಲ್ಲವೇ ಎಂಬ ಪ್ರಶ್ನೆ ಅದರ ಹಿಂದೆಯೇ ಬರುವುದಿತ್ತು. ಅದು ಬರುವ ಮೊದಲೇ ಮಶಾಕಸಾಬ ಉತ್ತರಿಸಿದ್ದ: "ಹೆದರಿದ ಸಾಬ್. ಹೆದರಿ ಮೇಲೆ ಬಂದ."

ಆ ಒಂದು ಮಾತು ಸಾಕಾಯಿತು. ಹೆದರಿದವನಿಗೆ ಏನು ಕಲಿಸಿದ್ದರು, ಏನು ಬಿಟ್ಟಿದ್ದರು ಎಂದು ಯಾರೂ ಕೇಳುವುದಿಲ್ಲ. ಮಾತು ಹಡಗಿನಿಂದ ಆಸ್ಪತ್ರೆಗೆ ಬಂತು, ಆಸ್ಪತ್ರೆಯಿಂದ ಬೀರಣ್ಣನ ಜೊತೆ ರೈಲು ಹತ್ತಿ ತಿಕೋಟಾಕ್ಕೆ ಬಂತು. ಇಲ್ಲಿ ಅದಕ್ಕೆ ಊರವರು ಒಂದು ದೊಡ್ಡ ಮೀನನ್ನು ಸೇರಿಸಿದ್ದರು.

ಬಾವಿಯ ದಂಡೆಯಲ್ಲಿ ಬೀರಣ್ಣ ಅಂಗಿ ತೆಗೆದ. ಬಲಗೈ ಒಂದರಿಂದಲೇ ಗುಂಡಿ ಬಿಚ್ಚುವುದನ್ನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದ. ಅವನ ಹೆಂಡತಿ ರಾಚವ್ವ ಒಂದು ಹಗ್ಗ ಹಿಡಿದು ಮೊದಲೇ ಬಂದು ನಿಂತಿದ್ದಳು. ಸೊಂಟಕ್ಕೆ ಕಟ್ಟಲು ಹೋದರೆ, "ಇವತ್ತ ಬ್ಯಾಡ. ಮಶಾಕ ನೋಡಾಕ ಬಂದಾನ" ಎಂದು ಅದನ್ನು ಸರಿಸಿದ. ಚಹಾದಂಗಡಿಯಿಂದ ಬಂದ ಮಂದಿಯೂ ಮೆಟ್ಟಿಲ ಮೇಲೆ ಕೂತರು.

ಜಿಗಿದ. ನೀರು ಮುಚ್ಚಿಕೊಂಡಿತು.

ಎಲ್ಲರ ಕಣ್ಣೂ ನೀರ ಮೇಲೆ. ಮಶಾಕಸಾಬ ಮಾತ್ರ, ಜೀವನದಲ್ಲಿ ಮೊದಲ ಸಲ, ಒಂದು ಗುಳ್ಳೆ ಬರಲಿ ಎಂದು ಕಾಯುತ್ತಿದ್ದ. ಬಾವಿಯಲ್ಲಿ ಉಸಿರು ಹಿಡಿದರೆ ಏನೂ ಆಗುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಅಂಚಿಗೆ ಹೋಗಿ ಬಗ್ಗಿ ನೋಡಿದ. ನೀರು ಕನ್ನಡಿಯ ಹಾಗೆ ನಿಂತಿತ್ತು. ಕೊನೆಗೆ ತಲೆ ಎದ್ದಿತು, ಆಮೇಲೆ ಬಲಗೈ, ಮುಷ್ಟಿಯ ತುಂಬ ಕಪ್ಪು ರಾಡಿ.

"ಭಲೇ!" ಎಂದ ಚಮನಸಾಬ. ಸಂಗಣ್ಣ, "ಬಾವ್ಯಾಗ ಮೀನಾ ಇಲ್ಲಲ್ಲ, ಅದಕ್ಕ" ಎಂದ. ಆದರೆ ಈ ಸಲ ನಕ್ಕವರು ಕಡಿಮೆ.

ಮಶಾಕಸಾಬ ಕೈ ಚಾಚಿದ. ಬೀರಣ್ಣ ಹಿಡಿಯಲಿಲ್ಲ. ಕಲ್ಲಿನ ಅಂಚಿಗೆ ಎದೆ ಹಚ್ಚಿ ತಾನೇ ತೆವಳಿ ಮೇಲೆ ಬಂದ. "ಬಿಟ್ಟೆನೇನು, ಒಂದರ ಗುಳ್ಳಿ? ಹೇಳು."

"ಇಲ್ಲ" ಎಂದ ಮಶಾಕಸಾಬ.

ಊಟಕ್ಕೆ ಬೀರಣ್ಣನ ಮನೆಗೇ ಹೋದರು. ಬೀರಣ್ಣ ಹಿತ್ತಲಲ್ಲಿ ಒದ್ದೆ ಧೋತರ ಬದಲಿಸುತ್ತಿದ್ದಾಗ ರಾಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮಶಾಕಣ್ಣ, ಒಂದ ಮಾತ ಕೇಳ್ತೀನಿ. ಖರೇ ಹೇಳು. ಇವರು ಹೆದರಿದ್ರೇನು ಅವತ್ತ?"

ಮಶಾಕಸಾಬ ರೊಟ್ಟಿಯ ಒಂದು ತುಂಡು ಮುರಿದುಕೊಂಡ.

"ಪಗಾರದ ಆಸೆಕ್ಕ ಹೊಂಟಿಲ್ಲ ಇವರು. ಆ ಮಾತ ಅಳಸಾಕ ಹೊಂಟಾರ. ಮುಂಜಾನೆದ್ದು ಬಾವಿ, ಬಾವಿ. ಹಗ್ಗ ಕಟ್ಟಿ ನಾ ಮ್ಯಾಲ ನಿಂದರ್ತೀನಿ. ಅಲ್ಲಿ ಹಗ್ಗ ಹಿಡಿಯವರು ಯಾರು? ಹೋದ್ರ ಹೊಳ್ಳಿ ಬರ್ತಾರೇನು?"

ಹೋದರೆ ಬರುವುದಿಲ್ಲ ಎಂದು ಮಶಾಕಸಾಬನಿಗೆ ಗೊತ್ತಿತ್ತು. ಅಲ್ಲಿ ಹೋಗಿ ಅವನು ಮಾಡುವ ಮೊದಲ ಕೆಲಸವೇ, ತನಗೆ ಹೆದರಿಕೆಯಿಲ್ಲ ಎಂದು ತೋರಿಸಲು, ತುಟಿ ಬಿಗಿದುಕೊಂಡು ಮೇಲೆ ಬರುವುದು. ಬಸ್ಸಿನಲ್ಲಿ ಆರಿಸಿ ಇಟ್ಟುಕೊಂಡ ಸುಳ್ಳನ್ನು ಹೊರತೆಗೆದ.

"ಹೋಗೂ ಮಾತ ಎಲ್ಲಿ ಬಂತು ರಾಚವ್ವ? ಈ ವರ್ಷ ಕೆಲಸನ ಕಮ್ಮಿ ಐತಿ. ಹೊಸಬರನ್ನ ತಗೊಳ್ಳೂದಿಲ್ಲ ಅಂದಾರ."

"ಹೊಸಬ ಯಾರಲೇ?" ಬೀರಣ್ಣ ಹಿತ್ತಲ ಬಾಗಿಲಲ್ಲಿ ನಿಂತಿದ್ದ. "ನಾ ಹಳಬ. ನಿನಗ ಹೇಳಾಕ ಆಗದಿದ್ರ ಬಿಡು. ನಾನ ಹೋಗಿ ಸಾಹೇಬರ ಬಾಗಲಾಗ ಕುಂದರ್ತೀನಿ. ಹೆದರಿದವ ಹೊಳ್ಳಿ ಬಂದಾನ, ಇಳಿಸಿ ನೋಡ್ರಿ ಅಂತೀನಿ. ಎಷ್ಟ ದಿನ ಒಲ್ಲೆ ಅಂತಾರ?"

ಸುಳ್ಳು ಅಲ್ಲಿಗೇ ಮುಗಿಯಿತು. ಬೇರೆ ಎರಡು ಸುಳ್ಳುಗಳು ಮಶಾಕಸಾಬನ ಬಾಯಿಗೆ ಬರಲಿಲ್ಲ. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿಗೆ ಇಟ್ಟ.

"ನೀ ಹೆದರಲಿಲ್ಲ" ಎಂದ.

"ಅದು ನನಗ ಗೊತ್ತೈತಿ."

"ನನಗೂ ಗೊತ್ತಿತ್ತು. ಕುಂದ್ರು, ಬೀರ್ಯಾ."

ಬೀರಣ್ಣ ಕೂರಲಿಲ್ಲ. ಮಶಾಕಸಾಬ ಹೇಳುತ್ತ ಹೋದ. "ಬಾವ್ಯಾಗ ನಾವು ಉಸಿರು ಮ್ಯಾಲ ತಗೊಂಡು ಇಳೀತೀವಿ. ಕೆಳಗ ಹೋದಂಗ ಅದು ಕುಗ್ಗತೈತಿ, ಮ್ಯಾಲ ಬಂದಂಗ ಮೊದಲಿನಷ್ಟ ಆಗತೈತಿ. ಹಿಡಕೊಂಡ್ರ ತ್ರಾಸಿಲ್ಲ. ಅಲ್ಲಿ ನೀ ಉಸಿರು ತಗೊಂಡಿದ್ದು ತಳದಾಗ, ಸಿಲಿಂಡರಿಂದ. ನಲವತ್ತ ಅಡಿ ಆಳದಾಗ ಎದಿ ತುಂಬ ಎಳದದ್ದು ಮ್ಯಾಲ ಬರೂದ್ರಾಗ ಎರಡ ಪಟ್ಟ ಉಬ್ಬತೈತಿ. ಬಿಡಕೊಂತ ಬರಬೇಕು. ಬಿಡದಿದ್ರ ಒಳಗ ಹರದು, ರಕ್ತದಾಗ ಗಾಳಿ ಸೇರಿ, ತಲಿಗೆ ಏರತೈತಿ. ನಿನಗ ಆಗಿದ್ದು ಅದು. ಹೆದರಿಕಿ ಅಲ್ಲ, ಮೀನಾ ಅಲ್ಲ. ನೀ ಉಸಿರು ಹಿಡದಿ, ಅಷ್ಟ."

"ನೀ ಹೇಳಿದ್ದಿ, ಬಿಡು ಅಂತ" ಬೀರಣ್ಣ ನಿಧಾನವಾಗಿ ಹೇಳಿದ. "ಒಮ್ಮಿ ಹೇಳಿದ್ದಿ. ನಾನ ನಕ್ಕೆ."

"ನಾನೂ ನಕ್ಕೆ. ಯಾಕ ಬಿಡಬೇಕು ಅಂತ ಹೇಳಲಿಲ್ಲ. ಮಾಡಿಸದ ಬಿಡಬಾರದಿತ್ತು, ಬಿಟ್ಟೆ. ಎಲ್ಲಾ ಮಾಡಿಸೇನಿ ಅಂತ ಸಾಹೇಬರಿಗೆ ಹೇಳಿದೆ."

ಒಲೆಯ ಮೇಲೆ ಹಂಚು ಹೊಗೆಯಾಡುತ್ತಿತ್ತು. ರಾಚವ್ವ ಅದನ್ನು ಇಳಿಸಿದಳು. ಬೀರಣ್ಣ ಬಲಗೈಯಿಂದ ತನ್ನ ಎಡಗೈಯನ್ನು ಎತ್ತಿ, ಬೇರೆ ಯಾರದೋ ವಸ್ತುವಿನಂತೆ ತಿರುಗಿಸಿ ನೋಡಿ, ಬಿಟ್ಟ.

"ಮತ್ತ ಹೆದರಿದ ಅಂತ ಹೇಳಿದಾವ ಯಾವ?"

ಹಡಗಿನಲ್ಲಿ ಹನ್ನೆರಡು ಜನರಿದ್ದರು. ಯಾರ ಹೆಸರನ್ನಾದರೂ ಹೇಳಬಹುದಿತ್ತು. ಕೈ ಹೋದದ್ದಕ್ಕೆ ಬೀರಣ್ಣ ಬಹುಶಃ ಕ್ಷಮಿಸುತ್ತಾನೆ, ಇದಕ್ಕೆ ಕ್ಷಮಿಸುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು.

"ನಾ" ಎಂದ. "ನನ್ನ ತಪ್ಪು ಮುಚ್ಚಾಕ."

ರಾಚವ್ವ ಬಾಯಿಗೆ ಸೆರಗು ಹಿಡಿದಳು. ಬೀರಣ್ಣ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಅವನು ಬಾಗಿಲ ಚೌಕಟ್ಟಿಗೆ ಭುಜ ಆನಿಸಿದ.

"ಆ ಸಂಗ್ಯಾ ದಿನಾ ಅಂತಾನ" ಎಂದ. "ದಿನಾ. ನಾ ಮನಿಗೆ ಬಂದು ಇಕಿ ಮುಂದ ಕುಂತು ಕೇಳ್ತಿದ್ದೆ, ಖರೇನ ಹೆದರಿದ್ನೇನು ನಾ ಅಂತ. ನನಗ ನೆನಪಿದ್ದಂಗ ಹೆದರಿಲ್ಲ. ಆದ್ರ ಎಲ್ಲಾರೂ ಅಂದಮ್ಯಾಲ ನೆನಪಿನ ಮ್ಯಾಲನ ಸಂಶೆ ಬಂತು."

"ಈಗ ಹೋಗಿ ಚಮನಸಾಬನ ಅಂಗಡ್ಯಾಗ ಎಲ್ಲಾರ ಮುಂದ ಹೇಳ್ತೀನಿ. ಏಳು."

"ಇಲ್ಲಿ ಬ್ಯಾಡ. ಮಾತು ಇಲ್ಲಿ ಹುಟ್ಟಿಲ್ಲ. ಎಲ್ಲಿ ಹುಟ್ಟೇತಿ ಅಲ್ಲಿ ಹೇಳು."

"ಹೇಳ್ತೀನಿ. ಹೋದ ದಿವಸನ ಹೇಳ್ತೀನಿ."

"ನಾನೂ ಬರ್ತೀನಿ" ಎಂದ ಬೀರಣ್ಣ. "ನೀರಿಗಿಳಿಯಾಕಲ್ಲ. ಕೇಳಾಕ."

ಅವನ ಮುಖದಲ್ಲಿ ಸ್ನೇಹವಿರಲಿಲ್ಲ. ಒಬ್ಬನೇ ಬಿಟ್ಟರೆ ಈ ಮನುಷ್ಯ ಹೇಳುವುದಿಲ್ಲ ಎಂಬ ಲೆಕ್ಕ ಮಾತ್ರ ಇತ್ತು. ಅದು ತಪ್ಪು ಲೆಕ್ಕವೆಂದು ಹೇಳುವ ಮುಖ ಮಶಾಕಸಾಬನಿಗೂ ಇರಲಿಲ್ಲ.

ಮರುದಿನ ಬಸ್ಸಿನಲ್ಲಿ ಬೀರಣ್ಣ ಮುಂದಿನ ಸೀಟಿನಲ್ಲಿ ಕೂತ, ಮಶಾಕಸಾಬ ಹಿಂದೆ. ಬಿಜಾಪುರದಲ್ಲಿ ಇಳಿದು ಸ್ಟೇಷನ್ ರಸ್ತೆಯಲ್ಲಿ ನಡೆಯುವಾಗಲೂ ಹಾಗೆಯೇ; ಎಡಗಾಲಿನ ಆ ತಡವಾದ ಹೆಜ್ಜೆಯ ಹಿಂದೆ ಮಶಾಕಸಾಬ ತನ್ನ ನಡಿಗೆಯನ್ನು ಇಳಿಸಿಕೊಂಡು ಬಂದ. ಟ್ರಂಕು ಹೊರಲು ಕೇಳಿದ, ಬೀರಣ್ಣ ಕೊಡಲಿಲ್ಲ. ರಾಚವ್ವ ಕಟ್ಟಿಕೊಟ್ಟ ಬುತ್ತಿ ಒಬ್ಬನಿಗಾಗುವಷ್ಟಿತ್ತು.

ಗದಗಿನ ಗಾಡಿ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರ ನಡುವೆ ಟ್ರಂಕು. ಸಾಹೇಬರ ಮುಂದೆ ಹೇಳಿದ ಮೇಲೆ ಏನಾಗುತ್ತದೆ ಎಂದು ಮಶಾಕಸಾಬ ಲೆಕ್ಕ ಹಾಕಿದ್ದ. ಸುಳ್ಳು ಹೇಳಿದ ಡೈವರನ ಕೈಗೆ ಇನ್ನೊಬ್ಬರ ಉಸಿರನ್ನು ಯಾರೂ ಕೊಡುವುದಿಲ್ಲ. ತಾನಾದರೂ ಕೊಡುತ್ತಿರಲಿಲ್ಲ.

ಬೀರಣ್ಣ ಆ ಬೆಳಗಿನ ಮೊದಲ ಮಾತು ಆಡಿದ. "ಸಾಹೇಬರಿಗೆ ಯಾವ ಭಾಷಾದಾಗ ಹೇಳ್ತಿ?"

"ಹಿಂದಿಯೊಳಗ. ನಡುವ ಇಂಗ್ಲಿಷ್."

"ನನಗ ತಿಳಿಯೂದಿಲ್ಲ ಅದು. ಇಲ್ಲಿ ಕನ್ನಡದಾಗ ಹೇಳು. ಅಲ್ಲಿ ಹ್ಯಾಂಗ ಹೇಳ್ತೀಯೋ ಹಂಗ. ಅಲ್ಲಿ ನಿನ್ನ ಬಾಯಿ ನೋಡಿ ತಿಳಕೊಂತೀನಿ."

ಮಶಾಕಸಾಬ ಸಾಹೇಬರ ಮುಂದೆ ನಿಲ್ಲುವ ಹಾಗೆ ಎದ್ದು ನಿಂತ. ಪಕ್ಕದಲ್ಲಿ ಹೂಕೋಸಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ತಿರುಗಿ ನೋಡಿದಳು. "ಸಾಹೇಬರ, ಹೋದ ವರ್ಷ ಬೀರಣ್ಣಗ ಆದದ್ದು ನನ್ನ ತಪ್ಪಿನಿಂದ. ಉಸಿರು ಬಿಡೂ ಅಭ್ಯಾಸ ನಾ ಮಾಡಿಸಿರಲಿಲ್ಲ, ಮಾಡಿಸೇನಿ ಅಂತ ಸುಳ್ಳ ಹೇಳಿದೆ..."

"ಅಲ್ಲ" ಎಂದು ಬೀರಣ್ಣ ಬಲಗೈ ಎತ್ತಿದ. "ನಿನ್ನ ತಪ್ಪು ಆಮ್ಯಾಲ ಹೇಳ್ಕೊ. ಮೊದಲ ಅಂವ ಹೆದರಲಿಲ್ಲ ಅನ್ನು."

ಮಶಾಕಸಾಬ ಮೊದಲಿನಿಂದ ಶುರುಮಾಡಿದ.